ಮಗನ ಸಾಲ ತೀರಿಸಿದರೆ ಮಗ ಸರಿಹೋಗುತ್ತಾನಾ?

"ಅವನಿಗೇ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ, ಕುಡಿತ ಬಿಡಿಸಿ" – ಇಂಥ ಪುಡಿಯ ಜಾಹೀರಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡಬೇಡಿ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆ ಇರುವುದು ನಿಜ. ಅದನ್ನು ನುಂಗಿದವನು ಕುಡಿದರೆ ವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ, ಜೀವವೂ ಹೋಗಬಹುದು. ಅದಕ್ಕೇ ರೋಗಿ ಒಪ್ಪಿದ ಮೇಲಷ್ಟೇ ಕೊಡುತ್ತಾರೆ. ಕದ್ದು ಬೆರೆಸುವ ಪುಡಿಯಲ್ಲಿ ಏನಿದೆಯೋ, ಮಾರುವವನಿಗೇ ಗೊತ್ತು.

ಆದರೆ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ನಡೆಯುವ 'ಚಿಕಿತ್ಸೆ' ಬೇರೆ: ಸಾಲ ತೀರಿಸುವುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಹರಾಜಿನ ದುಡ್ಡು, ಕೆ.ಆರ್. ನಗರದ ಕಡೆ ಭತ್ತದ ದುಡ್ಡು ಕೈಸೇರುವುದು ವರ್ಷದಲ್ಲಿ ಕೆಲವೇ ತಿಂಗಳು. ಅಷ್ಟರಲ್ಲಿ ಮೂವತ್ತು ದಾಟಿದ ಮಗನ ಬಾರ್ ಬಾಕಿ, ಮೊಬೈಲ್ ಜೂಜಿನ ಸಾಲ ಕೇಳುವವರು ಬಾಗಿಲಿಗೆ ಬಂದಿರುತ್ತಾರೆ. ಮರ್ಯಾದೆಗೆ ಅಂಜಿ ಅಪ್ಪ ಕೊಡುತ್ತಾರೆ. ಸಾಲದಿದ್ದರೆ ಅಮ್ಮ ಸಂಘದಲ್ಲಿ ಸಾಲ ಎತ್ತುತ್ತಾರೆ.

ವಯಸ್ಸಿಗೆ ಬಂದ ಮಗ ತನ್ನ ಹೆಸರಿನಲ್ಲಿ ಮಾಡಿದ ಸಾಲವನ್ನು ಅಪ್ಪ-ಅಮ್ಮ ತೀರಿಸಲೇಬೇಕೆಂಬ ಕಾನೂನಿಲ್ಲ. ಜಾಮೀನು ಸಹಿ ಹಾಕಿದ್ದರೆ ಮಾತ್ರ ಹೊಣೆ ನಿಮ್ಮದು.

ಕುಡಿತದ ಸುಖ ಅವನಿಗೆ, ಅದರ ಬೆಲೆ ನಿಮಗೆ ಎಂದಾದರೆ ಅವನು ಬದಲಾಗಲು ಕಾರಣವೇನು? ಇದಕ್ಕಿಂತ ಕೆಟ್ಟದ್ದು, ಒಂಬತ್ತು ಸಲ ಇಲ್ಲ ಎಂದು ಹತ್ತನೇ ಸಲ ಕೊಡುವುದು. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಲಾಭವೇ ಚಟವನ್ನು ಗಟ್ಟಿ ಮಾಡುತ್ತದೆ. ಜೂಜು ನಡೆಯುವುದೂ ಹೀಗೆಯೇ. ಆದ್ದರಿಂದ ದುಡ್ಡು ನಿಲ್ಲಿಸಿದ ಮೊದಲ ವಾರಗಳಲ್ಲಿ ಕೂಗಾಟ ಹೆಚ್ಚಾಗಬಹುದು. ಆಗ ಕೈ ಸಡಿಲಿಸಿದರೆ, ಜೋರಾಗಿ ಕೂಗಿದರೆ ಸಿಗುತ್ತದೆ ಎಂದು ನೀವೇ ಕಲಿಸಿದಂತೆ.

ಹಾಗಂತ ಮನೆಯಿಂದ ಹೊರಗೆ ಹಾಕಿ ಎಂದಲ್ಲ. ಚಿಕಿತ್ಸೆಗೆ ಒಪ್ಪದ ಕುಡುಕರ ಮನೆಯವರು 130 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕಲಿಸಿದ್ದು ಇಷ್ಟು: ಕುಡಿಯದ ದಿನ ಜೊತೆಗೆ ಕೂತು ಊಟ ಮಾಡಿ, ಮಾತಾಡಿ, ಕುಡಿದ ದಿನ ಜಗಳವೂ ಬೇಡ, ಉಪಚಾರವೂ ಬೇಡ, ಕುಡಿತದಿಂದಾದ ನಷ್ಟವನ್ನು ನೀವು ತುಂಬಬೇಡಿ. ಆ ಗುಂಪಿನವರ ಪೈಕಿ ಶೇ 64ರಷ್ಟು ಮಂದಿ ತಮ್ಮವರನ್ನು ಚಿಕಿತ್ಸೆಗೆ ಒಪ್ಪಿಸಿದರು. ಎಲ್ಲರೂ ಸೇರಿ ಎದುರು ಕೂರಿಸಿ ಹೇಳುವ ವಿಧಾನ ಕಲಿತವರಲ್ಲಿ ಇದು ಶೇ 30 ಮಾತ್ರ. ನಮ್ಮ ಕಡೆಯ ಪಂಚಾಯ್ತಿ ಬುದ್ಧಿವಾದ ನೆನಪಾಗುತ್ತದೆ!

'ಮದುವೆ ಮಾಡಿದರೆ ಸರಿಹೋಗ್ತಾನೆ' ಎಂಬುದೂ ಚಿಕಿತ್ಸೆಯಲ್ಲ. ಹೊರೆಯನ್ನು ಬೇರೆ ಮನೆಯ ಹೆಣ್ಣುಮಗಳ ತಲೆಗೆ ದಾಟಿಸುವುದು, ಅಷ್ಟೇ.

ಎರಡು ಎಚ್ಚರಿಕೆ. ದಿನವೂ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸಲು ಹೋಗಬೇಡಿ. ಒಮ್ಮೆಲೇ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲೇ ಫಿಟ್ಸ್, ಭ್ರಮೆ ಬರಬಹುದು. ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ಸಾಯುತ್ತೇನೆ ಎಂದರೆ ನಾಟಕ ಎನ್ನಬೇಡಿ, ದುಡ್ಡನ್ನೂ ಕೊಡಬೇಡಿ. ಒಂಟಿಯಾಗಿ ಬಿಡದೆ, ಕೀಟನಾಶಕವನ್ನು ಕೈಗೆಟುಕದಂತೆ ಇಟ್ಟು, 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಉಚಿತ, ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಗ ಒಪ್ಪದಿದ್ದರೂ ಅಪ್ಪ-ಅಮ್ಮನೇ ಕರೆ ಮಾಡಿ ದಾರಿ ಕೇಳಬಹುದು.