ಮನೆಯ ಬೇಕನ್: ಗುಲಾಬಿ ಉಪ್ಪು ಬೇಕೆ, ಬೇಡವೆ?

ಹಂದಿಯ ಹೊಟ್ಟೆಯ ಭಾಗದಲ್ಲಿ ಮಾಂಸ ಒಂದು ಪದರ, ಕೊಬ್ಬು ಒಂದು ಪದರ ಎಂಬಂತೆ ಒಂದರ ಮೇಲೊಂದು ಕೂತಿರುತ್ತವೆ. ಆ ತುಂಡಿಗೆ ಉಪ್ಪು ಹಿಡಿಸಿ, ಕೆಲವು ದಿನ ತಣ್ಣಗಿಟ್ಟು, ಬೇಕಿದ್ದರೆ ಹೊಗೆ ಕೊಟ್ಟು ತೆಳ್ಳಗೆ ಹೋಳು ಮಾಡಿದರೆ ಅದೇ ಬೇಕನ್. ಅಮೆರಿಕದವರಿಗೆ ಬೇಕನ್ ಎಂದರೆ ಹೊಟ್ಟೆಯ ಮಾಂಸ. ಇಂಗ್ಲೆಂಡಿನಲ್ಲಿ ಬೆನ್ನಿನ ಮಾಂಸದ್ದೇ ಹೆಚ್ಚು ಬಳಕೆ. ಇಟಲಿಯ ಪ್ಯಾಂಚೆಟ್ಟಾ ಕೂಡ ಹೊಟ್ಟೆಯ ಮಾಂಸವೇ, ಆದರೆ ಅದಕ್ಕೆ ಸಾಮಾನ್ಯವಾಗಿ ಹೊಗೆ ಕೊಡುವುದಿಲ್ಲ. ಮನೆಯಲ್ಲಿ ಇದನ್ನು ಮಾಡುವುದು ಕಷ್ಟದ ಕೆಲಸವಲ್ಲ. ಆದರೆ ಶುರು ಮಾಡುವ ಮುನ್ನ ಒಂದು ತೀರ್ಮಾನ ಆಗಬೇಕು: ಅಡುಗೆಯ ಉಪ್ಪೊಂದೇ ಸಾಕೆ, ನೈಟ್ರೈಟ್ ಬೆರೆತ ಕ್ಯೂರಿಂಗ್ ಸಾಲ್ಟ್ ಕೂಡ ಬೇಕೆ?

ಫ್ರಿಜ್ ಇಲ್ಲದ ಕಾಲದಲ್ಲಿ ಯುರೋಪಿನ ರೈತರು ಚಳಿ ಶುರುವಾದ ಮೇಲೆ ಹಂದಿ ಕಡಿಯುತ್ತಿದ್ದರು. ಹೊರಗಿನ ಚಳಿಯೇ ಅವರ ಫ್ರಿಜ್. ಉಪ್ಪು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಒಳಗೆ ಉಳಿದ ನೀರೂ ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ದಕ್ಕದಂತೆ ಮಾಡುತ್ತದೆ. ಆದರೆ ಉಪ್ಪೊಂದನ್ನೇ ಹಾಕಿದ ಮಾಂಸ ಬೆಂದಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ಪೆಟ್ಲುಪ್ಪು ಬೆರೆತಿದ್ದರೆ ಕೆಂಪಾಗಿಯೇ ಉಳಿಯುತ್ತದೆ. ಬಿಹಾರದ ಮಣ್ಣಿನಿಂದ ತೆಗೆದ ಪೆಟ್ಲುಪ್ಪನ್ನು ಡಚ್ಚರೂ ಇಂಗ್ಲಿಷರೂ ಹಡಗು ತುಂಬಿ ಒಯ್ದದ್ದು ಮುಖ್ಯವಾಗಿ ಕೋವಿಮದ್ದಿಗಾಗಿ. ಮಾಂಸಕ್ಕೆ ಹಾಕುತ್ತಿದ್ದದ್ದೂ ಅದೇ ವಸ್ತು, ಪೊಟ್ಯಾಸಿಯಂ ನೈಟ್ರೇಟ್.

ಅದು ಕೆಲಸ ಮಾಡುವ ಬಗೆ ತಿಳಿಯಲು 19ನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಮಾಂಸದಲ್ಲಿರುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಆಗಿಸುತ್ತವೆ ಎಂಬುದನ್ನು 1891ರಲ್ಲಿ ಜರ್ಮನಿಯ ಎಡ್ವರ್ಡ್ ಪೊಲೆನ್ಸ್ಕೆ ಗುರುತಿಸಿದರು. ನೈಟ್ರೈಟ್ ಒಡೆದು ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಅದು ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್‌ಗೆ ಅಂಟಿಕೊಂಡು, ಬೇಯಿಸಿದರೂ ಹೋಗದ ಗುಲಾಬಿ ಬಣ್ಣವನ್ನು ನಿಲ್ಲಿಸುತ್ತದೆ. ಎಂದರೆ ನಿಜವಾದ ಕೆಲಸಗಾರ ನೈಟ್ರೈಟ್. ಬ್ಯಾಕ್ಟೀರಿಯಾಗಳ ಮರ್ಜಿಗೆ ಬಿಟ್ಟರೆ ಒಂದು ತುಂಡಿನಲ್ಲಿ ಅದು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. 1925ರಲ್ಲಿ ಅಮೆರಿಕದ ಸರ್ಕಾರ ನೈಟ್ರೈಟನ್ನೇ ನೇರವಾಗಿ ಬಳಸಲು ಒಪ್ಪಿಗೆ ಕೊಟ್ಟಿತು. ಅಂದಾಜಿನ ಜಾಗಕ್ಕೆ ಅಳತೆ ಬಂದದ್ದು ಹೀಗೆ.

ಬಣ್ಣಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. 1895ರಲ್ಲಿ ಬೆಲ್ಜಿಯಂನ ಎಲ್‌ಸೆಲ್ ಎಂಬ ಊರಿನಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಉಪ್ಪು ಹಾಕಿಟ್ಟ ಹ್ಯಾಮ್ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ವಿಜ್ಞಾನಿ ಎಮಿಲ್ ವಾನ್ ಎರ್ಮೆಂಗೆಮ್ ಆ ಹ್ಯಾಮಿನಿಂದಲೇ ಬಾಟ್ಯುಲಿಸಂ ಎಂಬ ಆ ಕಾಯಿಲೆ ತರುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಗಾಳಿಯಿಲ್ಲದ ಕಡೆ ಬೆಳೆಯುತ್ತದೆ, ಅದರ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ, ಅದು ಬಿಡುವ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಬೇಕೆಂದಿಲ್ಲ. ನೈಟ್ರೈಟ್ ಅದರ ಬೆಳವಣಿಗೆಯನ್ನು ತಡೆಯುತ್ತದೆ. ಬೆಚ್ಚಗಿನ ಹೊಗೆಯಲ್ಲಿ ತಾಸುಗಟ್ಟಲೆ ತೂಗುವ ಒದ್ದೆ ಮಾಂಸಕ್ಕೆ ಈ ರಕ್ಷಣೆ ತುಂಬ ಮುಖ್ಯ.

ಕೊಡಗಿನ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಮೇಲೆ ತೂಗುಹಾಕಿ ಹೊಗೆಗೆ ಒಣಗಿಸಿದ ಮಾಂಸ ಕೆಡದೆ ನಿಲ್ಲುತ್ತಿತ್ತಲ್ಲ ಎಂದು ಕೇಳಬಹುದು. ಆ ಮಾಂಸದಲ್ಲಿ ನೀರು ಹೆಚ್ಚುಕಡಿಮೆ ಆರಿಹೋಗಿರುತ್ತದೆ, ಅದರ ಕಾವಲು ಒಣಗುವಿಕೆಯೇ. ಇಟಲಿಯ ಪಾರ್ಮಾ ಹ್ಯಾಮ್‌ಗೂ ಸಮುದ್ರದ ಉಪ್ಪೊಂದೇ ಬಳಕೆ. ಅದಕ್ಕೆ ಮೊದಲ ತಿಂಗಳುಗಳ ಕಟ್ಟುನಿಟ್ಟಿನ ತಂಪು, ಆಮೇಲೆ ವರ್ಷ ಮೀರಿದ ನಿಧಾನದ ಒಣಗಿಸುವಿಕೆ ಬೇಕು. ಬೇಕನ್ ಒಳಗೆ ಒದ್ದೆಯಾಗಿಯೇ ಉಳಿಯುವ ಪದಾರ್ಥ. ಇವೆರಡರ ಉದಾಹರಣೆ ಅದಕ್ಕೆ ಒಪ್ಪುವುದಿಲ್ಲ.

ಮನೆ ಬಳಕೆಗೆ ಸಿಗುವ ಕ್ಯೂರಿಂಗ್ ಸಾಲ್ಟ್‌ಗೆ ಪ್ರಾಗ್ ಪೌಡರ್ ನಂಬರ್ 1 ಎಂಬ ಹೆಸರೂ ಇದೆ. ಅದರಲ್ಲಿ ಸೋಡಿಯಂ ನೈಟ್ರೈಟ್ ಶೇ. 6.25, ಉಳಿದದ್ದು ಮಾಮೂಲಿ ಉಪ್ಪು. ಅಡುಗೆ ಉಪ್ಪೆಂದು ಯಾರೂ ತಪ್ಪಿ ಬಳಸದಿರಲೆಂದು ಗುಲಾಬಿ ಬಣ್ಣ ಹಾಕಿರುತ್ತಾರೆ. ಹಿಮಾಲಯದ ಗುಲಾಬಿ ಉಪ್ಪಿಗೂ ಇದಕ್ಕೂ ಸಂಬಂಧವೇ ಇಲ್ಲ. ನಂಬರ್ 2 ಎಂಬುದರಲ್ಲಿ ನೈಟ್ರೇಟ್ ಕೂಡ ಇದ್ದು, ಅದು ತಿಂಗಳುಗಟ್ಟಲೆ ಒಣಗಿಸುವ ಮಾಂಸಕ್ಕೆ ಹೊರತು ಬೇಕನ್‌ಗಲ್ಲ. ಶುದ್ಧ ಸೋಡಿಯಂ ನೈಟ್ರೈಟ್ ತಂದು ಮನೆಯಲ್ಲಿ ಬೆರೆಸಿಕೊಳ್ಳುವ ಸಾಹಸ ಯಾರೂ ಮಾಡಬಾರದು. ಅದು ಈ ಮಿಶ್ರಣಕ್ಕಿಂತ 16 ಪಟ್ಟು ತೀಕ್ಷ್ಣ. ಮಿತಿಮೀರಿದರೆ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಅಳತೆಯೆಲ್ಲ ಮಾಂಸದ ತೂಕದ ಮೇಲೆ. 1 ಕಿಲೋ ಮಾಂಸಕ್ಕೆ ಅಡುಗೆ ಉಪ್ಪು 22 ಗ್ರಾಂ, ಕ್ಯೂರಿಂಗ್ ಸಾಲ್ಟ್ 2.5 ಗ್ರಾಂ, ಸಕ್ಕರೆ ಅಥವಾ ಬೆಲ್ಲದ ಪುಡಿ 10 ಗ್ರಾಂ, ಕುಟ್ಟಿದ ಕರಿಮೆಣಸು ರುಚಿಗೆ ತಕ್ಕಷ್ಟು. ಇಷ್ಟರಲ್ಲಿ ನೈಟ್ರೈಟ್ ಹತ್ತು ಲಕ್ಷ ಭಾಗಕ್ಕೆ ಸುಮಾರು 156 ಭಾಗ ಬರುತ್ತದೆ. ಚಮಚದ ಲೆಕ್ಕ ಇಲ್ಲಿ ಸಲ್ಲದು. ಗ್ರಾಮಿನ ಹತ್ತನೇ ಒಂದು ಪಾಲನ್ನು ತೋರಿಸುವ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಮಾಂಸದ ಪಸೆಯೊರೆಸಿ, ಮಿಶ್ರಣವನ್ನು ಎಲ್ಲ ಮಗ್ಗುಲಿಗೂ ತಿಕ್ಕಿ, ಚೀಲದಲ್ಲೋ ಮುಚ್ಚಳವಿರುವ ಗಾಜಿನ ಪಾತ್ರೆಯಲ್ಲೋ ಹಾಕಿ 4 ಡಿಗ್ರಿ ಸೆಲ್ಸಿಯಸ್ ಮೀರದಂತೆ ಫ್ರಿಜ್‌ನಲ್ಲಿಡಬೇಕು. ಬಿಟ್ಟುಕೊಂಡ ನೀರನ್ನು ಚೆಲ್ಲಬಾರದು, ಅದರಲ್ಲೇ ದಿನಕ್ಕೊಮ್ಮೆ ತಿರುವಿಹಾಕಬೇಕು. ಬೆರಳುದ್ದದ ಅರ್ಧದಷ್ಟು ದಪ್ಪದ ತುಂಡಿಗೆ 7 ದಿನ, ಇನ್ನೂ ದಪ್ಪವಿದ್ದರೆ 10 ದಿನ. ಉಪ್ಪನ್ನು ತೂಗಿಯೇ ಹಾಕಿರುವುದರಿಂದ ಒಂದೆರಡು ದಿನ ಹೆಚ್ಚಾದರೂ ಮಾಂಸ ಉಪ್ಪುಪ್ಪಾಗುವುದಿಲ್ಲ. ಕರೆಂಟು ಗಂಟೆಗಟ್ಟಲೆ ಕೈಕೊಡುವ ಊರಿನಲ್ಲಿ, ಬೇಸಿಗೆಯಲ್ಲಿ, ಈ ಹತ್ತು ದಿನದ ತಂಪನ್ನು ಕಾಪಾಡುವುದೇ ನಿಜವಾದ ಸವಾಲು.

ಆಮೇಲೆ ತೊಳೆದು, ಒರೆಸಿ, ಒಂದು ಚೂರನ್ನು ಪೂರ್ತಿ ಬೇಯುವಂತೆ ಹುರಿದು ಉಪ್ಪು ನೋಡಬೇಕು. ಒಂದು ರಾತ್ರಿ ಫ್ರಿಜ್‌ನಲ್ಲಿ ಮುಚ್ಚದೆ ಇಟ್ಟರೆ ಮೇಲ್ಮೈ ಒಣಗಿ ತುಸು ಅಂಟಾಗುತ್ತದೆ. ಹೊಗೆ ಹಿಡಿಯುವುದು ಆ ಅಂಟಿಗೆ. ರಾಳವಿಲ್ಲದ ಗಟ್ಟಿ ಮರದ ಹೊಗೆಯಲ್ಲಿ, ಸುಮಾರು 100 ಡಿಗ್ರಿಯ ಕಾವಿನಲ್ಲಿ, ಮಾಂಸದ ಒಳಗೆ 65 ಡಿಗ್ರಿ ಮುಟ್ಟುವ ತನಕ ಇಟ್ಟರೆ ಆಯಿತು. ಹೊಗೆಯ ಏರ್ಪಾಡಿಲ್ಲದವರು ಓವನ್ನಿನಲ್ಲೇ ಮಾಡಬಹುದು.

ಕ್ಯೂರಿಂಗ್ ಸಾಲ್ಟ್ ಬೇಡವೆನ್ನುವವರ ದಾರಿಯೂ ತಪ್ಪಲ್ಲ, ಆದರೆ ಅದು ಬೇರೆ ದಾರಿ. 1 ಕಿಲೋಗೆ 25 ಗ್ರಾಂ ಉಪ್ಪು, ಅದೇ ಸಕ್ಕರೆ, ಅದೇ ಮೆಣಸು, ಮೂರು ನಾಲ್ಕು ದಿನದ ಫ್ರಿಜ್. ಬಣ್ಣ ಬೂದು, ರುಚಿ ಉಪ್ಪು ಹಾಕಿ ಹುರಿದ ಒಳ್ಳೆಯ ಹಂದಿ ಮಾಂಸದ್ದು. ಬೇಕನ್ನಿಗೇ ವಿಶಿಷ್ಟವಾದ ಆ ಒಗರು ಕಲೆತ ಘಮ ಬರುವುದಿಲ್ಲ. ಇದನ್ನು ಹಸಿ ಮಾಂಸವೆಂದೇ ತಿಳಿದು ನಡೆಸಿಕೊಳ್ಳಬೇಕು. ತಣ್ಣನೆಯ ಹೊಗೆಗೆ ಒಡ್ಡಬಾರದು, ಗಾಳಿ ತೆಗೆದು ಕಟ್ಟಿಡಬಾರದು, ಎರಡು ಮೂರು ದಿನದಲ್ಲಿ ಮುಗಿಯದಷ್ಟಿದ್ದರೆ ಫ್ರೀಜರಿಗೆ ಹಾಕಬೇಕು. ಸೆಲರಿ ಪುಡಿ ಹಾಕಿ ನೈಟ್ರೈಟ್ ಸೇರಿಸಿಲ್ಲ ಎಂದು ಮಾರುವ ಬೇಕನ್ ಈ ಗುಂಪಿಗೆ ಸೇರದು. ಸೆಲರಿಯ ನೈಟ್ರೇಟನ್ನು ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಮಾಡಿಸಿರುತ್ತಾರೆ, ಮಾಂಸದೊಳಗೆ ಅದರ ರಸಾಯನವೂ ಕ್ಯೂರಿಂಗ್ ಸಾಲ್ಟ್‌ನ ರಸಾಯನವೂ ಒಂದೇ.

ನೈಟ್ರೈಟ್ ಬೇಡವೆನ್ನಲು ಹೆಚ್ಚಿನವರು ಕೊಡುವ ಕಾರಣ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿನ್ನುವುದರಿಂದ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಏರುತ್ತದೆ ಎಂಬುದು ಅದರ ಲೆಕ್ಕ. ಈ ಭಯಕ್ಕೆ ಆಧಾರವಿದೆ. ಆದರೆ ಆ ಸಂಸ್ಥೆಯ ವ್ಯಾಖ್ಯೆಯಲ್ಲಿ ಉಪ್ಪು ಹಾಕಿದ್ದು, ಹೊಗೆ ಕೊಟ್ಟದ್ದು ಎಲ್ಲವೂ ಸಂಸ್ಕರಿಸಿದ ಮಾಂಸವೇ. ಬರೀ ಉಪ್ಪಿನ ಬೇಕನ್ ದಿನವೂ ತಿಂದರೆ ನಿಶ್ಚಿಂತೆ ಎಂದು ತಿಳಿಯಲು ಅಲ್ಲಿ ಸಮರ್ಥನೆ ಸಿಗದು. ವಾರ ಹದಿನೈದು ದಿನಕ್ಕೊಮ್ಮೆ ಎರಡು ಹೋಳು ತಿನ್ನುವುದು ಹೆಚ್ಚು ತೂಕದ ಎಚ್ಚರಿಕೆ.

ಹುರಿಯುವ ರೀತಿಯಲ್ಲೂ ಎಚ್ಚರ ಬೇಕು. ನೈಟ್ರೈಟ್ ಮತ್ತು ಮಾಂಸದ ಅಮೈನುಗಳು ಹೆಚ್ಚಿನ ಕಾವಿನಲ್ಲಿ ಸೇರಿ ನೈಟ್ರೋಸಮೈನುಗಳಾಗುತ್ತವೆ. ಕಾರ್ಖಾನೆಯ ಬೇಕನ್‌ಗೆ ವಿಟಮಿನ್ ಸಿ ಬಳಗದ ಪದಾರ್ಥ ಬೆರೆಸುವುದು ಇದನ್ನು ತಗ್ಗಿಸಲೆಂದೇ. ಮನೆಯಲ್ಲಿ ತಣ್ಣನೆ ಬಾಣಲೆಗೆ ಹೋಳುಗಳನ್ನು ಹಾಸಿ ಸಣ್ಣ ಉರಿ ಹಚ್ಚಿದರೆ ಕೊಬ್ಬು ನಿಧಾನವಾಗಿ ಕರಗಿ, ಅದರಲ್ಲೇ ಹೋಳುಗಳು ಗರಿಯಾಗುತ್ತವೆ. ಲಾಡಿಹುಳುವಿನ ಅಪಾಯ ಉಪ್ಪಿನಿಂದ ಖಾತ್ರಿಯಾಗಿ ಹೋಗದಿರುವುದರಿಂದ ಪೂರ್ತಿ ಬೇಯಲೇಬೇಕು, ಆದರೆ ಕಪ್ಪಾಗಬಾರದು. ಬಾಣಲೆಯಲ್ಲಿ ಉಳಿದ ಕೊಬ್ಬಿನಲ್ಲಿ ನೈಟ್ರೋಸಮೈನು ಹೋಳಿಗಿಂತ ಹೆಚ್ಚು ಸೇರಿರುತ್ತದೆ. ಘಮಘಮಿಸಿದರೂ ಸೀದ ಕೊಬ್ಬನ್ನು ಮರುದಿನದ ಮೊಟ್ಟೆಗೆಂದು ಎತ್ತಿಡಬಾರದು.