ಹಳಿಯ ಬದಿಯ ನಂಬರಿನ ಮನೆಗಳು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೋಗುವವರು ಕಡೂರು ಬಂದಿತೆಂದರೆ ಕಾಫಿಯವನನ್ನು ಹುಡುಕುತ್ತಾರೆ. ಬೀರೂರು ಬಂದಿತೆಂದರೆ ಇಳಿಯುವವರು ಸಾಮಾನು ಎಣಿಸಿಕೊಳ್ಳುತ್ತಾರೆ. ನಿಲ್ದಾಣದ ಆಚೆಗೆ, ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳಂತೆ ಸಾಲಾಗಿ ನಿಂತ ಪುಟ್ಟ ಮನೆಗಳ ಮೇಲೆ ಅವರ ದೃಷ್ಟಿ ಬೀಳುವುದು ಅಪರೂಪ. ಬಿದ್ದರೂ ಅವು ಯಾರ ಮನೆಗಳೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರವೂ ಸುಲಭವಲ್ಲ. ಅಂತಹ ಮನೆಗಳಲ್ಲಿ ಎಷ್ಟೋ ಸಂಸಾರಗಳು ಹುಟ್ಟು ಸಾವುಗಳನ್ನು ಕಂಡು ಬಾಳಿ ಹೋಗಿವೆ. ಆದರೆ ಒಂದಾದರೂ ಸಂಸಾರಕ್ಕೆ “ಇದು ನಮ್ಮದು” ಎನ್ನುವ ಹಕ್ಕಿರಲಿಲ್ಲ.

ಕಾಗದಪತ್ರಗಳಲ್ಲಿ ಅವುಗಳ ಹೆಸರು ‘ರೈಲ್ವೆ ಕ್ವಾರ್ಟರ್ಸ್’. ಊರಿನವರ ಬಾಯಲ್ಲಿ ‘ರೈಲ್ವೆ ಕಾಟ್ರಸ್ಸು’. ಈ ಲೇಖಕನ ಬಾಲ್ಯವು ಕಳೆದುದು ಅಂತಹ ಮೂರು ಮನೆಗಳಲ್ಲಿ: ಮೊದಲು ಅಜ್ಜಂಪುರ, ಅನಂತರ ತರೀಕೆರೆ, ಕೊನೆಗೆ ಕಡೂರು. ತಂದೆಯವರು ಸಹಾಯಕ ಸ್ಟೇಷನ್ ಮಾಸ್ಟರ್ ಆಗಿದ್ದರು. ನಮ್ಮ ವಿಳಾಸದಲ್ಲಿ ಬೀದಿಯ ಹೆಸರು ಇರುತ್ತಿರಲಿಲ್ಲ. ಬಾಗಿಲಿನ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಒಂದು ನಂಬರು ಮಾತ್ರ ಇರುತ್ತಿತ್ತು.

ಹಳಿ ಬಂತು, ಮನೆ ಬಂತು

ಬೆಂಗಳೂರಿನಿಂದ 1884ರಲ್ಲಿ ಗುಬ್ಬಿಯನ್ನು ತಲುಪಿದ ಮೀಟರ್ ಗೇಜ್ ಹಳಿಯು 1889ರಲ್ಲಿ ಹರಿಹರವನ್ನು ಮುಟ್ಟಿತು. ಕಡೂರು, ಬೀರೂರು, ಅಜ್ಜಂಪುರಗಳಿಗೆ ರೈಲಿನ ಭಾಗ್ಯ ಬಂದುದು ಈ ದಾರಿಯಿಂದ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಒಡೆದು ತರೀಕೆರೆಯೂ ಅದಕ್ಕೆ ಸೇರಿತು. ರೈಲಿಗೆ ರಾತ್ರಿಯೆಂದೂ ಹಗಲೆಂದೂ ಭೇದವಿಲ್ಲ. ನಡುರಾತ್ರಿ ಹಳಿ ಕೊಚ್ಚಿಹೋದರೆ ಗ್ಯಾಂಗ್‌ಮನ್ನನು ಕೂಗಳತೆಯಲ್ಲಿ ಇರಬೇಕು. ಗಾಡಿಯು ಬರುವಾಗ ಸಿಗ್ನಲ್ ದೀಪ ಕೆಟ್ಟರೆ ಪಾಯಿಂಟ್ಸ್‌ಮನ್ನನು ಓಡಿಬರಬೇಕು. ಆದುದರಿಂದಲೇ ಹಳಿಯ ಬದಿಯಲ್ಲಿ ಈ ಮನೆಗಳು ಎದ್ದವು. ಬಡವರಿಗೆ ಸೂರು ಒದಗಿಸಬೇಕೆಂಬ ಉಪಕಾರಬುದ್ಧಿಗಿಂತ ಗಾಡಿಯು ನಿಲ್ಲಬಾರದೆಂಬ ವ್ಯವಹಾರಬುದ್ಧಿಯೇ ಅವುಗಳ ಅಡಿಪಾಯ. ಆದರೂ, ಸ್ವಂತ ಸೂರಿನ ಆಸೆಯನ್ನೇ ಮಾಡಲಾಗದ ಅನೇಕ ಕುಟುಂಬಗಳಿಗೆ ಕಲ್ಲಿನ ಗೋಡೆಯನ್ನೂ ಹೆಂಚಿನ ಮಾಡನ್ನೂ ಮೊದಲು ಕೊಟ್ಟವು ಅವೇ ಎಂಬುದನ್ನು ಮರೆಯುವಂತಿಲ್ಲ.

ಮನೆಯ ಅಳತೆಯನ್ನು ನೋಡಿ ಯಜಮಾನನ ಸಂಬಳವನ್ನು ಹೇಳಬಹುದಾಗಿತ್ತು. ಸ್ಟೇಷನ್ ಮಾಸ್ಟರರ ಮನೆಗೆ ಮುಂದೆ ಜಾಲರಿಯ ಜಗಲಿ, ಹಿಂದೆ ಹಿತ್ತಿಲು. ನಮ್ಮದಕ್ಕೆ ಎರಡು ಕೋಣೆ, ಒಂದು ಅಡಿಗೆಮನೆ. ಸಾಲಿನ ಕೊನೆಯಲ್ಲಿದ್ದ ಗ್ಯಾಂಗ್‌ಮನ್ನರ ಮನೆಗಳಿಗೆ ಒಂದೇ ಕೋಣೆ. ಅದರಲ್ಲಿಯೇ ಒಲೆ, ಅದರಲ್ಲಿಯೇ ತೊಟ್ಟಿಲು, ಅದರಲ್ಲಿಯೇ ಊರಿನಿಂದ ಬಂದ ಮುದಿ ತಾಯಿ.

ಒಂದು ಬಾವಿ, ಎರಡು ಹಗ್ಗ

ಅಜ್ಜಂಪುರದ್ದು ಕಪ್ಪು ಮಣ್ಣಿನ ಸೀಮೆ. ದೂರದ ಕಾವಲಿನಲ್ಲಿ ನೀಳ ಕೊಂಬಿನ ಅಮೃತಮಹಲ್ ದನಗಳು ಮೇಯುತ್ತಿದ್ದವು. ಅಲ್ಲಿಯ ತಳಿ ಸಂವರ್ಧನ ಕೇಂದ್ರವು 1929ರಷ್ಟು ಹಳೆಯದು. ನೀರು ಮಾತ್ರ ಅಪರೂಪ. ನಮ್ಮ ಸಾಲಿಗೆಲ್ಲ ಒಂದೇ ಬಾವಿ.

ತಾಯಿಯವರು ಮಡಿ ಮೈಲಿಗೆಗಳ ಮನೆತನದಲ್ಲಿ ಬೆಳೆದು ಬಂದವರು. ತಮಗೆಂದೇ ಬೇರೆ ಹಗ್ಗ, ಬೇರೆ ಕೊಡ ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಮೊದಲೆದ್ದು ಕತ್ತಲಲ್ಲಿಯೇ ನೀರು ಸೇದುತ್ತಿದ್ದರು. ಪಾಯಿಂಟ್ಸ್‌ಮನ್ನನ ಹೆಂಡತಿಯು ಬಾವಿಯ ಬಳಿಗೆ ಬಂದರೆ ಇವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆಕೆಯೂ ಏನೂ ಕಾಣದವಳಂತೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಒಂದು ಮಳೆಗಾಲದ ರಾತ್ರಿ ತಾಯಿಯವರಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ತಂದೆಯವರು ನೂರು ಗಜ ದೂರದಲ್ಲಿ, ಸ್ಟೇಷನ್ನಿನಲ್ಲಿಯೇ ಇದ್ದರು. ಆದರೆ ಪೂನಾ ಮೇಲ್ ಬರುವ ಹೊತ್ತು. ಲೈನ್ ಕ್ಲಿಯರ್ ಕೊಟ್ಟವನು ಕುರ್ಚಿ ಬಿಟ್ಟು ಏಳುವಂತಿಲ್ಲ. ಕೂಗಿಗೆ ಓಡಿ ಬಂದವಳು ಆ ಪಾಯಿಂಟ್ಸ್‌ಮನ್ನನ ಹೆಂಡತಿ. “ಹೆದರ್ಕೋಬೇಡಿ ಅಮ್ಮಾವ್ರೇ, ನಾನಿದೀನಿ” ಎಂದು ಗೋಣಿಚೀಲವನ್ನು ತಲೆಗೆ ಹೊದ್ದು ಊರೊಳಗಿನ ಸೂಲಗಿತ್ತಿಯನ್ನು ಕರೆತಂದಳು, ನೀರು ಕಾಯಿಸಿದಳು, ಬೆಳಗಿನವರೆಗೂ ಕದಲಲಿಲ್ಲ. ನನ್ನ ತಮ್ಮನನ್ನು ಮೊದಲು ಎತ್ತಿಕೊಂಡ ಕೈ ಅವಳದು. ಬಾಣಂತನ ಮುಗಿದು ತಾಯಿಯವರು ಬಾವಿಗೆ ಹೋದ ಮೊದಲ ದಿನ ತಮ್ಮ ಹಗ್ಗವನ್ನು ಒಯ್ಯಲಿಲ್ಲ. ಅದರ ವಿಷಯ ಯಾರೂ ಮಾತನಾಡಲೂ ಇಲ್ಲ. ಅಂದಿನಿಂದ ಬಾವಿಗೆ ಒಂದೇ ಹಗ್ಗವಾಯಿತು.

ಗಾಡಿಯೇ ಗಡಿಯಾರ

ತರೀಕೆರೆಯಲ್ಲಿ ನಮ್ಮ ಮನೆಯ ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಡೆಗೆ ಗೂಡ್ಸ್ ಗಾಡಿಗಳು ಸಾಗುತ್ತಿದ್ದವು. ನರಸಿಂಹರಾಜಪುರದ ಕಾಡಿನ ಕಡೆಗೆ ಕೇವಲ ಎರಡು ಅಡಿ ಅಗಲದ ಹಳಿಯ ಮೇಲೆ ಓಡಾಡಿದ್ದ ಪುಟ್ಟ ರೈಲಿನ ಕತೆಗಳನ್ನು ಹಿರಿಯರು ಹೇಳುತ್ತಿದ್ದರು. ಹತ್ತಿರದ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1965ರವರೆಗೆ ನಡೆಯಿತು. ಅಲ್ಲಿಯೂ ಕೆಲಸಗಾರರಿಗೆ ಸಾಲುಮನೆಗಳೇ. ಅಲ್ಲಿಯ ಮಕ್ಕಳೂ ನಾವೂ ಶಾಲೆಯಲ್ಲಿ ಸಂಧಿಸಿದಾಗ ಕೇಳಿಕೊಳ್ಳುತ್ತಿದ್ದುದು “ನಿಮ್ಮೂರು ಯಾವುದು?” ಎಂದಲ್ಲ, “ನಿಮಗೆ ವರ್ಗ ಯಾವಾಗ?” ಎಂದು.

ನಮ್ಮ ಮನೆಗಳಲ್ಲಿ ಗಡಿಯಾರವು ಅಲಂಕಾರದ ವಸ್ತು. ಬೆಳಗಿನ ಷಟ್ಲ್ ಬಂದರೆ ಹಾಲು ಕಾಯಿಸಬೇಕು. ಶಿವಮೊಗ್ಗದ ಪ್ಯಾಸೆಂಜರ್ ಹೋದರೆ ಮಕ್ಕಳು ಶಾಲೆಗೆ ಹೊರಡಬೇಕು. ನಿಲ್ದಾಣದಲ್ಲಿ ತೂಗುಹಾಕಿದ ಹಳಿಯ ತುಂಡಿಗೆ ಸುತ್ತಿಗೆಯ ಪೆಟ್ಟು ಬಿದ್ದರೆ ಆಟ ನಿಲ್ಲಿಸಿ ಬೇಲಿಯ ಬಳಿಗೆ ಓಡುತ್ತಿದ್ದೆವು. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ಕಾಯುವ ಟೋಕನ್ ಎಂದರೆ ಒಂದು ಲೋಹದ ಗುಂಡು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು ಓಡುವ ಎಂಜಿನ್ನಿನತ್ತ ಹಿಡಿದು ನಿಂತರೆ, ಒಳಗಿನವನು ತೋಳು ಚಾಚಿ ಬಳೆಯನ್ನು ಸಿಕ್ಕಿಸಿಕೊಳ್ಳುವನು. ನಮ್ಮ ಪಾಲಿಗೆ ಅದಕ್ಕಿಂತ ದೊಡ್ಡ ಸರ್ಕಸ್ ಇರಲಿಲ್ಲ.

ಎಂಜಿನ್ನಿನಿಂದ ಉದುರಿದ ಬೂದಿಯಲ್ಲಿ ಅರೆಬೆಂದ ಕಲ್ಲಿದ್ದಲನ್ನು ಆಯುವುದು ಮಕ್ಕಳ ಕೆಲಸ. ತಮಿಳು ಮಾತಿನ ಫೈರ್‌ಮನ್, ಮರಾಠಿಯ ಗಾರ್ಡ್, ತೆಲುಗಿನ ಗುಮಾಸ್ತ – ಎಲ್ಲರ ಮಕ್ಕಳ ಕೈಯೂ ಒಂದೇ ಬಣ್ಣ. ಪೊಂಗಲ್ಲಿನ ಪಾತ್ರೆ ನಮ್ಮ ಮನೆಗೆ ಬಂದರೆ, ಯುಗಾದಿಯ ಹೋಳಿಗೆ ಆರು ಮನೆಗಳಿಗೆ ಹೋಗುತ್ತಿತ್ತು.

ಖಾಲಿ ಮಾಡುವ ದಿನ

ಈ ಸವಿನೆನಪುಗಳ ಅಡಿಯಲ್ಲಿ ಒಂದು ಭಯ ಸದಾ ಇತ್ತು. ಕೆಲಸವಿದ್ದರೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ನಾವಿದ್ದ ಮೂರು ಊರುಗಳಲ್ಲೊಂದರಲ್ಲಿ ಗ್ಯಾಂಗ್‌ಮನ್ನನೊಬ್ಬ ವಿಷಮಜ್ವರದಿಂದ ತೀರಿಕೊಂಡ. ಮೂರು ಮಕ್ಕಳು, ಕಿರಿಯದಕ್ಕೆ ಇನ್ನೂ ಹಲ್ಲು ಮೂಡಿರಲಿಲ್ಲ. ತಿಥಿ ಮುಗಿದ ಸಂಜೆ ಆತನ ಹೆಂಡತಿ ನಮ್ಮ ಜಗಲಿಯಲ್ಲಿ ಕುಳಿತು ಕೇಳಿದ್ದು ಒಂದೇ ಮಾತು: “ಸ್ವಾಮೀ, ಮನೆ ಯಾವಾಗ ಬಿಡ್ಬೇಕು?” ಗಂಡನಿಗಾಗಿ ಅಳುವುದಕ್ಕೂ ಆ ಪ್ರಶ್ನೆ ಅವಳಿಗೆ ಬಿಡುವು ಕೊಟ್ಟಿರಲಿಲ್ಲ.

ತಂದೆಯವರು ರಾತ್ರಿಯೆಲ್ಲ ಕುಳಿತು ಅರ್ಜಿ ಬರೆದರು. ಸಾಲಿನವರು ಸರದಿಯಂತೆ ಅಕ್ಕಿ, ರಾಗಿ ಕೊಟ್ಟರು. ಕೆಲವು ತಿಂಗಳ ಬಳಿಕ ನಿಲ್ದಾಣದಲ್ಲಿ ಆಕೆಗೆ ಗುಡಿಸುವ ಕೆಲಸ ದೊರೆಯಿತು. ಆ ಕೋಣೆ ಉಳಿಯಿತು. ಆಕೆಯ ಮಗಳು ಅದೇ ಕೋಣೆಯಲ್ಲಿ ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಓದಿ ಉಪಾಧ್ಯಾಯಿನಿಯಾದಳು. ಅರ್ಜಿಗೆ ಉತ್ತರ ಬಾರದಿದ್ದರೆ? ಆ ಯೋಚನೆ ಇಂದಿಗೂ ಮನಸ್ಸನ್ನು ಕಲಕುತ್ತದೆ.

ಈ ಭಯದಿಂದಲೇ ಇರಬೇಕು, ತಾಯಿಯವರು ಕ್ವಾರ್ಟರ್ಸಿನ ನೆಲದಲ್ಲಿ ಹೀರೆ, ಬೆಂಡೆಗಳನ್ನಲ್ಲದೆ ಮತ್ತೇನನ್ನೂ ನೆಡುತ್ತಿರಲಿಲ್ಲ. “ಮೂರು ತಿಂಗಳಿಗೆ ಬರೋದು ನಮ್ಮದು, ಮೂರು ವರ್ಷಕ್ಕೆ ಬರೋದು ಇನ್ನೊಬ್ಬರದು” ಎನ್ನುತ್ತಿದ್ದರು. ಕರಿಬೇವಿನ ಗಿಡವೊಂದು ಮಾತ್ರ ಸೀಮೆಎಣ್ಣೆಯ ಡಬ್ಬದಲ್ಲಿ ಬೆಳೆಯುತ್ತಿತ್ತು. ಪ್ರತಿ ವರ್ಗದ ಸಮಯದಲ್ಲಿಯೂ ಪಾತ್ರೆಪರಡಿಗಳ ಜೊತೆಗೆ, ಹಸುವಿನ ಜೊತೆಗೆ, ಅದೂ ವ್ಯಾಗನ್ನಿನಲ್ಲಿ ಪ್ರಯಾಣ ಮಾಡುತ್ತಿತ್ತು. 1974ರಲ್ಲಿ ತಂದೆಯವರು ಕಡೂರಿನಲ್ಲಿ ನಿವೃತ್ತರಾದಾಗ ನಮ್ಮದು ವಠಾರದ ಬಾಡಿಗೆ ಮನೆಯಾಯಿತು. ಅಲ್ಲಿಯೂ ಗಿಡ ಡಬ್ಬದಲ್ಲಿಯೇ ಇತ್ತು. ಆರು ವರ್ಷಗಳ ಮೇಲೆ ಸ್ವಂತದ್ದೊಂದು ಪುಟ್ಟ ಮನೆ ಎದ್ದಾಗ, ಗೃಹಪ್ರವೇಶಕ್ಕೂ ಮೊದಲೇ ತಾಯಿಯವರು ಡಬ್ಬವನ್ನು ಒಡೆದು ಗಿಡವನ್ನು ನೆಲಕ್ಕೆ ನೆಟ್ಟರು.

ಇಂದು

ಕಾಲ ಬಹಳ ಮುಂದೆ ಸರಿದಿದೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಉಗಿ ಎಂಜಿನ್ನುಗಳೂ ಬೆತ್ತದ ಬಳೆಗಳೂ ವಸ್ತುಸಂಗ್ರಹಾಲಯವನ್ನು ಸೇರಿವೆ. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಬಂದಿತು. ಇತ್ತೀಚೆಗೆ ಹೋಗಿ ನೋಡಿದಾಗ, ನಾವಿದ್ದ ಮೂರು ಮನೆಗಳಲ್ಲಿ ಒಂದು ಮಾತ್ರ ಉಳಿದಿತ್ತು. ಮಾಡು ಕುಸಿದಿದೆ; ಗೋಡೆಯಲ್ಲಿ ಅರಳಿಯ ಸಸಿ ಮೊಳೆತಿದೆ; ಬಾಗಿಲಿನ ಮೇಲಿನ ನಂಬರು ಮಾತ್ರ ಇನ್ನೂ ಓದಲು ಬರುತ್ತದೆ.

ಅರಮನೆಗಳ ಚರಿತ್ರೆಯನ್ನು ಬರೆಯಲು ಪಂಡಿತರಿದ್ದಾರೆ. ನಂಬರಿನ ಮನೆಗಳ ಚರಿತ್ರೆಯನ್ನು ಅವುಗಳಲ್ಲಿ ಬಾಳಿದವರೇ ಹೇಳಬೇಕು. ಓದುಗರಲ್ಲಿ ಅನೇಕರ ಮನೆಗಳಲ್ಲಿ ರೈಲ್ವೆ, ಅಣೆಕಟ್ಟು, ಕಾರ್ಖಾನೆಗಳ ಸಾಲುಮನೆಗಳಲ್ಲಿ ಬಾಳಿದ ಹಿರಿಯರು ಇದ್ದೇ ಇರುತ್ತಾರೆ. ಇಂದು ಸಂಜೆ ಅವರ ಬಳಿ ಕುಳಿತು ಕೇಳಿ: ನೀರು ಎಲ್ಲಿಂದ ತರುತ್ತಿದ್ದಿರಿ, ಪಕ್ಕದ ಮನೆಯಲ್ಲಿ ಯಾರಿದ್ದರು, ಖಾಲಿ ಮಾಡಿದ ದಿನ ಏನನ್ನು ಹೊತ್ತು ತಂದಿರಿ ಎಂದು. ಉತ್ತರವನ್ನು ಬರೆದಿಡಿ. ಗೋಡೆಗಳು ಬಿದ್ದ ಮೇಲೆ ಕೇಳಲು ಬೇರೆ ಯಾರೂ ಉಳಿಯುವುದಿಲ್ಲ.