ಹಸಿ ಮೈಗೆ ಪ್ಯಾಡ್ ಉರಿ: ಮುಚ್ಚಿಡಬೇಡಿ, ಮೊದಲೇ ತಡೆಯಿರಿ

‘ಯವ್ವಾ, ಕುಂದ್ರಾಕ ಆಗವಲ್ದು. ಬೆಂಕಿ ಇಟ್ಟಂಗ ಉರೀತೈತಿ...’

‘ಹಸೀ ಮೈ ಐತವ್ವಾ, ಒಂದೀಟು ತಡ್ಕೊ. ನಾವೇನ್ ಹಡದಿಲ್ಲೇನು?’

ರೋಣ, ನರಗುಂದ, ಗಜೇಂದ್ರಗಡದ ಯಾವ ತವರುಮನೆಯ ಬಾಣಂತಿ ಕೋಣೆಯಲ್ಲಾದರೂ ಕೇಳಿಬರಬಹುದಾದ ಮಾತಿದು. ತಾಯಿ ಹೇಳುವುದರಲ್ಲಿ ಸುಳ್ಳೇನಿಲ್ಲ. ಹೆರಿಗೆಯಾದ ಮೇಲೆ ಸ್ವಲ್ಪ ನೋವು ಇದ್ದೇ ಇರುತ್ತದೆ. ಆದರೆ ಮಗಳು ಹೇಳುತ್ತಿರುವುದು ನೋವಲ್ಲ, ಉರಿ! ಹಗಲು ರಾತ್ರಿ ಹಾಕಿಕೊಂಡೇ ಇರುವ ಪ್ಯಾಡ್‌ನಿಂದ ತೊಡೆಸಂದು ಕೆಂಪಾಗಿ, ಚರ್ಮ ಸುಲಿದು ಹೋಗಿರುತ್ತದೆ. ಅದನ್ನು ತಾಯಿಯ ಮುಂದೆ ಬಿಡಿಸಿ ಹೇಳಲು ನಾಚಿಕೆ, ಡಾಕ್ಟರ ಮುಂದೆ ಹೇಳಲು ಇನ್ನೂ ನಾಚಿಕೆ.

ಇಷ್ಟು ಸಣ್ಣ ವಿಷಯಕ್ಕೆ ಏಕೆ ಅಷ್ಟೊಂದು ಕಾಳಜಿ ಎನ್ನಬೇಡಿ. ನೆಟ್ಟಗೆ ಕುಳಿತುಕೊಳ್ಳಲು ಆಗದ ಬಾಣಂತಿ ಮಗುವಿಗೆ ಸರಿಯಾಗಿ ಹಾಲೂಡಿಸಲಾರಳು. ಉರಿಗೆ ಹೆದರಿ ಮೂತ್ರ ತಡೆದು ಹಿಡಿಯುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ‘ಪ್ಯಾಡ್ ಉರಿ ಇರಬೇಕು ಬಿಡು’ ಎಂದುಕೊಂಡೇ ಹೊಲಿಗೆಗೆ ಆಗಿರುವ ನಂಜನ್ನು ಕಡೆಗಣಿಸುವ ಅಪಾಯವಿದೆ. ಹೀಗಾಗಿ ಈ ಉರಿ ಬಾರದಂತೆ ನೋಡಿಕೊಳ್ಳುವುದೂ ಬಾಣಂತನದ ಒಂದು ಭಾಗವೇ.

ಬಾಣಂತಿಗೇ ಏಕೆ ಹೆಚ್ಚು?

ತಿಂಗಳ ಮುಟ್ಟು ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಹೆರಿಗೆಯ ನಂತರದ ಸ್ರಾವ ಹಾಗಲ್ಲ, ಸಾಮಾನ್ಯವಾಗಿ 4ರಿಂದ 6 ವಾರ ಇರುತ್ತದೆ. ಮೊದಲ ಮೂರ್ನಾಲ್ಕು ದಿನ ಕೆಂಪಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಹಳದಿ ಬಿಳುಪಾಗಿ ನಿಲ್ಲುತ್ತದೆ. ಸಿಸೇರಿಯನ್ ಆದವರಿಗೂ ಈ ಸ್ರಾವ ತಪ್ಪಿದ್ದಲ್ಲ. ಅಂದರೆ ಒಂದೂವರೆ ತಿಂಗಳು ಚರ್ಮಕ್ಕೆ ಗಾಳಿಯಿಲ್ಲ, ತೇವ ಮಾತ್ರ ತಪ್ಪುವುದಿಲ್ಲ.

ಇದರ ಜೊತೆಗೆ ಎದೆಹಾಲು ಕುಡಿಸುವ ದಿನಗಳಲ್ಲಿ ಈಸ್ಟ್ರೋಜೆನ್ ಹಾರ್ಮೋನ್ ಕಡಿಮೆ ಇರುವುದರಿಂದ ಆ ಭಾಗದ ಪದರ ತೆಳುವಾಗಿ, ಒಣಗಿದಂತಾಗಿರುತ್ತದೆ. ಹೊಲಿಗೆ ಬಿದ್ದಿದ್ದರೆ ಮತ್ತಷ್ಟು ಸೂಕ್ಷ್ಮ. ಪ್ಯಾಡಿನ ಮೇಲಿನ ಪ್ಲಾಸ್ಟಿಕ್ ಜಾಳಿಗೆ, ಸುವಾಸನೆಗೆ ಹಾಕಿದ ರಾಸಾಯನಿಕ, ಅಂಟು, ನಡೆದಾಡುವಾಗಿನ ತಿಕ್ಕಾಟ ಎಲ್ಲವೂ ಸೇರಿ ತುರಿಕೆ, ದದ್ದು ಶುರುವಾಗುತ್ತವೆ.

ಏಪ್ರಿಲ್, ಮೇ ತಿಂಗಳ ನಮ್ಮ ಎರೆಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಅಂಥದ್ದರಲ್ಲಿ ಕಿಟಕಿ ಬಾಗಿಲು ಮುಚ್ಚಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ, ಹೊಟ್ಟೆಗೆ ಬಿಗಿಯಾಗಿ ಸೀರೆ ಸುತ್ತಿ, ಮಂಚದ ಕೆಳಗೆ ಕೆಂಡ ಇಟ್ಟರೆ ಬೆವರು ಎಲ್ಲಿ ಹೋಗಬೇಕು? ತೊಡೆಸಂದಿನಲ್ಲೇ ನಿಲ್ಲುತ್ತದೆ!

ಪ್ಯಾಡ್ ಆರಿಸುವಾಗ

* ಸುವಾಸನೆಯ ಪ್ಯಾಡ್ ಬೇಡವೇ ಬೇಡ. ವಾಸನೆ ಮುಚ್ಚುವ ಸುಗಂಧವೇ ಎಷ್ಟೋ ಬಾರಿ ತುರಿಕೆಗೆ ಕಾರಣ. ಅಲ್ಲದೆ ಸ್ರಾವ ಕೆಟ್ಟ ವಾಸನೆ ಬಂದರೆ ಅದು ನಿಮಗೆ ಗೊತ್ತಾಗಬೇಕು, ಮುಚ್ಚಿಹೋಗಬಾರದು.

* ಪಾಕೀಟಿನ ಮೇಲೆ ಹತ್ತಿಯಂತೆ ಮೆತ್ತಗಿನ ಮೇಲ್ಪದರ ಎಂದಿರುವುದನ್ನು ಆರಿಸಿ. ಜಾಳಿಗೆಯಂಥ ಪ್ಲಾಸ್ಟಿಕ್ ಮೇಲ್ಪದರ ಬೇಗ ಒಣಗಿದಂತೆ ಕಂಡರೂ ಸೂಕ್ಷ್ಮ ಚರ್ಮಕ್ಕೆ ಚುಚ್ಚುತ್ತದೆ.

* ಮೊದಲ ವಾರ ಉದ್ದ, ದಪ್ಪ ಇರುವ ಹೆರಿಗೆ ಪ್ಯಾಡ್ ಒಳ್ಳೆಯದು. ಸ್ರಾವ ಕಡಿಮೆಯಾದ ಮೇಲೆ ತೆಳುವಾದದ್ದಕ್ಕೆ ಬದಲಾಯಿಸಿ.

* ದುಬಾರಿ ಇದ್ದದ್ದೆಲ್ಲ ಒಳ್ಳೆಯದೇನಲ್ಲ. ಜನೌಷಧಿ ಕೇಂದ್ರಗಳಲ್ಲಿ 2018ರಿಂದ ‘ಸುವಿಧಾ’ ಪ್ಯಾಡ್ ಸಿಗುತ್ತಿದ್ದು, 2019ರ ಆಗಸ್ಟ್‌ನಲ್ಲಿ ಅದರ ಬೆಲೆಯನ್ನು ಎರಡೂವರೆ ರೂಪಾಯಿಯಿಂದ 1 ರೂಪಾಯಿಗೆ ಇಳಿಸಲಾಯಿತು. ಪ್ಯಾಡ್‌ಗಳ ಮೇಲಿನ ಜಿಎಸ್‌ಟಿಯನ್ನೂ 2018ರಲ್ಲೇ ತೆಗೆದುಹಾಕಿದ್ದಾರೆ. ‘ದುಬಾರಿ ಆಗ್ತದ’ ಎಂದು ಒಂದೇ ಪ್ಯಾಡನ್ನು ಇಡೀ ದಿನ ಇಟ್ಟುಕೊಳ್ಳುವುದಕ್ಕಿಂತ ಕಡಿಮೆ ಬೆಲೆಯದನ್ನು ಆಗಾಗ ಬದಲಿಸುವುದು ಮೇಲು.

* ಮೆಡಿಕಲ್ ಶಾಪಿನವರು ಪೇಪರ್ ಸುತ್ತಿ ಕೊಟ್ಟಿದ್ದನ್ನು ಕಣ್ಣುಮುಚ್ಚಿ ತರಬೇಡಿ. ನಿಮಗೆ ಯಾವುದು ಬೇಕೋ ಹೆಸರು ಹೇಳಿ ಕೇಳಿ. ತರಲು ಹೋಗುವವರು ಯಜಮಾನರಾದರೆ ಚೀಟಿಯಲ್ಲಿ ಬರೆದುಕೊಡಿ.

ಸಾಧ್ಯವಾದರೆ ಹೆರಿಗೆಗೆ ಮುಂಚೆಯೇ ಒಂದು ಪ್ಯಾಡ್ ಕೆಲ ಗಂಟೆ ಹಾಕಿಕೊಂಡು ನೋಡಿ. ತುರಿಕೆ ಬಂದರೆ ಬೇರೆಯದನ್ನು ತರಿಸಿಕೊಳ್ಳಲು ಸಮಯವಿರುತ್ತದೆ. ಕುಬಸಕ್ಕೆ ಸೀರೆ ಆರಿಸುವಷ್ಟೇ ಮುತುವರ್ಜಿ ಇದಕ್ಕೂ ಇರಲಿ!

ಹಳೆಯ ಬಟ್ಟೆ ತಪ್ಪಲ್ಲ, ಆದರೆ...

ಅಜ್ಜಿಯರ ಕಾಲದಲ್ಲಿ ಬಾಣಂತಿಗೆ ಹಳೆಯ ಹತ್ತಿ ಸೀರೆಯೇ ಆಸರೆ. ಗಜೇಂದ್ರಗಡ ಭಾಗದ ಪಟ್ಟೆದಂಚು ಸೀರೆಯಂಥ ಕೈಮಗ್ಗದ ಹತ್ತಿ ಬಟ್ಟೆ ಒಗೆದಷ್ಟೂ ಮೆತ್ತಗಾಗುತ್ತದೆ, ಚೆನ್ನಾಗಿ ಹೀರಿಕೊಳ್ಳುತ್ತದೆ, ಗಾಳಿಯಾಡುತ್ತದೆ. ಪ್ಯಾಡ್ ಒಗ್ಗದವರಿಗೆ ಇಂದಿಗೂ ಇದು ಒಳ್ಳೆಯ ದಾರಿಯೇ. ಆದರೆ ಈಗ ಮನೆಯಲ್ಲಿರುವ ಹಳೆಯ ಸೀರೆಗಳೆಲ್ಲ ಬಹುತೇಕ ಸಿಂಥೆಟಿಕ್. ಅವು ಹೀರುವುದೂ ಇಲ್ಲ, ಗಾಳಿ ಬಿಡುವುದೂ ಇಲ್ಲ. ಅಪ್ಪಟ ಹತ್ತಿಯದಿದ್ದರೆ ಮಾತ್ರ ಬಳಸಿ.

ಹತ್ತಿ ಬೆಳೆಯುವ ಸೀಮೆ ನಮ್ಮದು. ಹಾಗೆಂದು ಬಿಡಿ ಅರಳೆಯನ್ನು ನೇರವಾಗಿ ಇಟ್ಟುಕೊಳ್ಳಬೇಡಿ. ಅದರ ಎಳೆಗಳು ಹೊಲಿಗೆಗೆ ಅಂಟಿಕೊಂಡು, ಬಿಡಿಸುವಾಗ ಗಾಯ ಕಿತ್ತು ಬರುತ್ತದೆ.

ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ ಕಲೆ ಬಿಡಿಸಿ. ಬಿಸಿನೀರು ಮೊದಲೇ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸಾಬೂನು ಹಚ್ಚಿ ಬಿಸಿನೀರಿನಲ್ಲಿ ಒಗೆಯಿರಿ. ಇಲ್ಲೊಂದು ವಿಷಯ ನೆನಪಿರಲಿ. ಬೋರಿನ ಸವಳು ನೀರಿನಲ್ಲಿ ಸಾಬೂನು ಬೇಗ ಬಿಟ್ಟುಹೋಗುವುದಿಲ್ಲ. ಬಟ್ಟೆಯಲ್ಲೇ ಉಳಿದ ಆ ಸಾಬೂನು ಚರ್ಮವನ್ನು ಕೆರಳಿಸುತ್ತದೆ. ಆದ್ದರಿಂದ ಎರಡು ಸಲ ಹಿಂಡುವವರು ನಾಲ್ಕು ಸಲ ಹಿಂಡಿ. ಕೊನೆಯ ಸಲಕ್ಕಾದರೂ ಹೊಳೆ ನೀರೋ ಮಳೆ ನೀರೋ ಸಿಕ್ಕರೆ ಉತ್ತಮ.

ಒಣಗಿಸುವುದು ಎಲ್ಲಿ? ಬಾಗಿಲ ಹಿಂದೆಯೂ ಅಲ್ಲ, ಬೇರೆ ಬಟ್ಟೆಯ ಕೆಳಗೂ ಅಲ್ಲ, ಬಿಸಿಲಿನಲ್ಲಿ! ನಾಲ್ಕು ಜನ ನೋಡುತ್ತಾರೆ ಎಂಬ ಸಂಕೋಚವಿದ್ದರೆ ಮಾಳಿಗೆಯ ಮೇಲೆ ಹಾಕಿ. ಅರೆ ಒಣಗಿದ ಬಟ್ಟೆ ಸೋಂಕಿಗೆ ಕರೆ ಕೊಟ್ಟಂತೆ.

ದಿನನಿತ್ಯ ಹೀಗೆ ಮಾಡಿ

1. ಪ್ಯಾಡ್ ತುಂಬಲಿ, ಬಿಡಲಿ, 3-4 ಗಂಟೆಗೊಮ್ಮೆ ಬದಲಿಸಿ. ಮೊದಲ ದಿನಗಳಲ್ಲಿ ಇನ್ನೂ ಬೇಗ ಬೇಕಾಗಬಹುದು. ಮಗುವಿಗೆ ಹಾಲೂಡಿಸಿದ ಮೇಲೆ ಒಮ್ಮೆ ಎದ್ದು ನೋಡಿಕೊಳ್ಳುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ.

2. ಬದಲಿಸುವ ಮುಂಚೆ ಮತ್ತು ನಂತರ ಕೈ ತೊಳೆಯಿರಿ. ತೊಳೆಯುವುದಾಗಲಿ, ಒರೆಸುವುದಾಗಲಿ ಯಾವಾಗಲೂ ಮುಂದಿನಿಂದ ಹಿಂದಕ್ಕೆ.

3. ಬರೀ ಉಗುರು ಬೆಚ್ಚಗಿನ ನೀರು ಸಾಕು. ಡೆಟಾಲ್, ಸೆವ್ಲಾನ್, ಘಾಟು ಸಾಬೂನು ಬೇಡ. ಮೂತ್ರ ಮಾಡುವಾಗ ಉರಿಯುತ್ತಿದ್ದರೆ ಆಗಲೇ ತಂಬಿಗೆಯಿಂದ ಬೆಚ್ಚಗಿನ ನೀರು ಸುರಿದುಕೊಂಡರೆ ಉರಿ ಕಡಿಮೆ.

4. ತಿಕ್ಕಿ ಒರೆಸಬೇಡಿ. ಮೆತ್ತಗಿನ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಪೂರ್ತಿ ಒಣಗಿದ ಮೇಲೆಯೇ ಹೊಸ ಪ್ಯಾಡ್.

5. ದಿನಕ್ಕೆ ಎರಡು ಬಾರಿ 10-15 ನಿಮಿಷ ಗಾಳಿಗೆ ಬಿಡಿ. ಕೋಣೆಯ ಬಾಗಿಲು ಹಾಕಿಕೊಂಡು, ಹಾಸಿಗೆಗೆ ರಬ್ಬರ್ ಶೀಟ್, ಅದರ ಮೇಲೆ ಹತ್ತಿ ಬಟ್ಟೆ ಹಾಸಿ ಪ್ಯಾಡ್ ಇಲ್ಲದೆ ಮಲಗಿ. ಇದಕ್ಕಿಂತ ಒಳ್ಳೆಯ ಮದ್ದಿಲ್ಲ!

6. ಸಡಿಲ ಹತ್ತಿ ಒಳಉಡುಪು ಧರಿಸಿ. ಸಿಸೇರಿಯನ್ ಆದವರು ಎಲಾಸ್ಟಿಕ್ ಹೊಲಿಗೆಯ ಮೇಲೆ ಬರದಂತೆ ಎತ್ತರದ ಸೊಂಟದ್ದನ್ನು ಹಾಕಿಕೊಳ್ಳಿ.

7. ತೊಡೆಸಂದಿಯಲ್ಲಿ ತಿಕ್ಕಾಟ ಇದ್ದರೆ ವ್ಯಾಸಲಿನ್ ತೆಳುವಾಗಿ ಸವರಿ. ಹೊಲಿಗೆ, ಹಸಿ ಗಾಯದ ಮೇಲೆ ಮಾತ್ರ ಬೇಡ.

8. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕಸದವರಿಗೆ ಬೇರೆಯಾಗಿ ಕೊಡಿ. ಪಾಯಖಾನೆಗೂ ಗಟಾರಕ್ಕೂ ಹಾಕಬೇಡಿ. 2016ರ ಘನತ್ಯಾಜ್ಯ ನಿಯಮವೂ ಸುತ್ತಿಯೇ ಕೊಡಬೇಕೆಂದಿತ್ತು.

ಆರು ವಾರದವರೆಗೆ ಟ್ಯಾಂಪನ್, ಮುಟ್ಟಿನ ಕಪ್ ಮುಂತಾಗಿ ಒಳಗಿಡುವ ಯಾವುದನ್ನೂ ಬಳಸಬಾರದು. ಆಗಿನ್ನೂ ಗರ್ಭಕೋಶ ಮಾಗುತ್ತಿರುತ್ತದೆ.

ಹಿರಿಯರಿಗೊಂದು ಮಾತು

ಅಳ್ವಿ ಪಾಯಸ, ಅಂಟಿನ ಉಂಡಿ, ಕೊಬ್ಬರಿ ಖಾರ ಎಲ್ಲ ಇರಲಿ. ಆದರೆ ‘ಬಾಣಂತಿ ನೀರು ಕುಡೀಬಾರ್ದು, ಹೊಟ್ಟಿ ಬರ್ತೈತಿ’ ಎಂಬುದನ್ನು ಮಾತ್ರ ಬಿಡಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ, ಸುಲಿದ ಚರ್ಮಕ್ಕೆ ತಾಗಿದಾಗ ಜೀವ ಹೋದಂತಾಗುತ್ತದೆ. ಮಲಬದ್ಧತೆಯಾಗಿ ಹೊಲಿಗೆಯ ಮೇಲೂ ಒತ್ತಡ ಬೀಳುತ್ತದೆ. ಹಾಲು ಕುಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು. ಕಾಯಿಸಿ ಆರಿಸಿದ ನೀರನ್ನು ಕೇಳಿದಾಗಲೆಲ್ಲ ಕೊಡಿ.

ಕೆಂಡದ ಮೇಲೆ ಲೋಬಾನ ಹಾಕಿ ಕೆಳಭಾಗಕ್ಕೆ ಹೊಗೆ ಹಿಡಿಸುವುದು, ಕುದಿಯುವ ನೀರು ಎರಚುವುದು ಬೇಡ. ಸುಟ್ಟ ಗಾಯವಾದೀತು. ಅರಿಶಿಣ, ಬೇವಿನ ಸೊಪ್ಪಿನ ಲೇಪ, ಪೌಡರ್ ಹಚ್ಚುವುದೂ ಬೇಡ. ಕಾಸಲೇಬೇಕೆಂದರೆ ತೊಳೆದ ಅಗಲ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ 10-15 ನಿಮಿಷ ಕೂರಿಸಿ. ಹೊಲಿಗೆಗೂ ಹಿತ, ಉರಿಗೂ ಹಿತ. ಸಿಸೇರಿಯನ್ ಆದವರು ಮಾತ್ರ ವೈದ್ಯರನ್ನು ಕೇಳಿಯೇ ಕೂರಬೇಕು.

ಉರಿ ಶುರುವಾಗೇ ಬಿಟ್ಟರೆ?

ದದ್ದು ಪ್ಯಾಡ್ ತಾಗುವ ಜಾಗದಲ್ಲಷ್ಟೇ ಇದ್ದು, ಪ್ಯಾಡ್ ತೆಗೆದಾಗ ಹಾಯೆನಿಸಿದರೆ ಅದು ಪ್ಯಾಡಿನದೇ ಕಿತಾಪತಿ ಇರಬಹುದು. ಬೇರೆ ಬಗೆಯ, ಸುವಾಸನೆಯಿಲ್ಲದ ಪ್ಯಾಡಿಗೋ ಹತ್ತಿ ಬಟ್ಟೆಗೋ ಬದಲಿಸಿ. ಸಾಮಾನ್ಯ ಕಿರಿಕಿರಿಯಾದರೆ ಎರಡು ಮೂರು ದಿನದಲ್ಲಿ ತಗ್ಗತೊಡಗುತ್ತದೆ.

ತುರಿಕೆ ವಿಪರೀತವಾಗಿದ್ದು, ಮೊಸರಿನಂಥ ಬಿಳಿ ಸ್ರಾವ ಇದ್ದರೆ, ಕೆಂಪು ಕಲೆಯ ಸುತ್ತ ಸಣ್ಣ ಗುಳ್ಳೆಗಳಿದ್ದರೆ ಅದು ಬೂಷ್ಟಿನ ಸೋಂಕು, ಅಂದರೆ ಫಂಗಸ್ ಇರಬಹುದು. ಹೆರಿಗೆ ನಂತರ ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಇದಕ್ಕೆ ಬೇರೆಯೇ ಔಷಧಿ ಬೇಕು.

ಅಂಗಡಿಯಲ್ಲಿ ‘ತುರಿಕಿಗೆ ಏನಾದ್ರೂ ಕೊಡ್ರಿ’ ಎಂದು ಕೇಳಿ ಮುಲಾಮು ತರಿಸಬೇಡಿ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲೆರಡು ದಿನ ಮಾಯವಾದಂತೆ ಕಂಡು, ಆಮೇಲೆ ಚರ್ಮ ತೆಳ್ಳಗಾಗಿ, ಫಂಗಸ್ ಇನ್ನಷ್ಟು ಹರಡುತ್ತದೆ. ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರದಂತೆ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ.

ತಡಮಾಡದೆ ಆಸ್ಪತ್ರೆಗೆ ಹೋಗಿ

* ಗಂಟೆಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೆ, ನಿಂಬೆಹಣ್ಣಿನಷ್ಟು ದೊಡ್ಡ ಹೆಪ್ಪು ಬಿದ್ದರೆ
* ಜ್ವರ, ಚಳಿ ನಡುಕ, ಕೆಳಹೊಟ್ಟೆ ನೋವು ಬಂದರೆ
* ಸ್ರಾವ ಕೊಳೆತ ವಾಸನೆ ಬರುತ್ತಿದ್ದರೆ
* ಹೊಲಿಗೆಯಲ್ಲಿ ಕೀವು, ಬಾವು ಇದ್ದರೆ, ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ
* ತಲೆಸುತ್ತು, ಉಸಿರಾಟದ ತೊಂದರೆ ಇದ್ದರೆ

ಇವು ಪ್ಯಾಡಿನ ಉರಿಯಲ್ಲ, ಜೀವಕ್ಕೆ ಅಪಾಯ ತರಬಲ್ಲ ಲಕ್ಷಣಗಳು. ರೋಣ, ನರಗುಂದದ ತಾಲ್ಲೂಕು ಆಸ್ಪತ್ರೆಯಾಗಲಿ, ಗಜೇಂದ್ರಗಡದ ಸರ್ಕಾರಿ ಆಸ್ಪತ್ರೆಯಾಗಲಿ, ಗದಗಿನ ಜಿಮ್ಸ್ ಆಗಲಿ, ಹತ್ತಿರದ್ದಕ್ಕೆ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಡಾಕ್ಟರ ಬಳಿ ಹೇಳಲು ನಾಚಿಕೆಯೇ? ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ಮಗುವಿನ ತೂಕ ನೋಡಿ ಹೊರಡುವ ಮುಂಚೆ ಅವರನ್ನು ಒಂದು ನಿಮಿಷ ಒಳಗೆ ಕರೆದು, ‘ಅಕ್ಕಾರ, ನನಗೊಂದು ತ್ರಾಸ ಐತ್ರೀ’ ಎಂದರೆ ಸಾಕು. ಮುಂದಿನದನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ.

ತಾಯಂದಿರೇ, ಅತ್ತೆಯಂದಿರೇ, ಮುಂದಿನ ಸಲ ಬಾಣಂತಿ ‘ಉರೀತೈತಿ’ ಎಂದಾಗ ‘ತಡ್ಕೊ’ ಎನ್ನುವ ಬದಲು ‘ಎಲ್ಲಿ, ಯಾವಾಗಿಂದ?’ ಎಂದು ಕೇಳಿ ನೋಡಿ. ಆಕೆಯ ಅರ್ಧ ಉರಿ ಅಲ್ಲೇ ತಣ್ಣಗಾದೀತು.